ಗೋಧಿ ಬಿಟ್ಟವರ ದಿಢೀರ್ ತಿಂಡಿ: ನೆದರ್‌ಲ್ಯಾಂಡ್ಸ್‌ನ ಅನುಭವ

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಸೀಲಿಯಾಕ್ ಕಾಯಿಲೆ ಇರುವವರ ಸಣ್ಣಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಇದಕ್ಕೆ ಮಾತ್ರೆಯಿಲ್ಲ, ಜೀವಮಾನವಿಡೀ ಗ್ಲುಟನ್ ಬಿಡುವುದೊಂದೇ ಚಿಕಿತ್ಸೆ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಮತ್ತೆ ಬ್ರೆಡ್ಡು ತಿನ್ನುವ ನೆದರ್‌ಲ್ಯಾಂಡ್ಸ್‌ನಲ್ಲಿ ಈ ಪಥ್ಯ ಹಿಡಿದವರು ಮನೆಯಲ್ಲಿ ಬಿಡುವಾಗಿ ಅಡುಗೆ ಮಾಡುವಾಗ ಹೆಚ್ಚು ಕಷ್ಟಪಡುವುದಿಲ್ಲ. ಕಷ್ಟವೆಲ್ಲ ಅವಸರದ ಹೊತ್ತಿನದು. ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್, ಹೇಗ್ ಕಡೆ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮಾಂಸ, ಮೊಟ್ಟೆ ಮುಟ್ಟದವರೂ ಇದ್ದಾರೆ. ಅವರದು ಪಥ್ಯದ ಮೇಲೊಂದು ಪಥ್ಯ. ಅಂಥದೊಂದು ಮನೆಯ ಅಡುಗೆ ನೋಡಿಕೊಳ್ಳುವ ಲೇಖಕಿಯ ಅನುಭವವೇ ಈ ಬರಹಕ್ಕೆ ಆಧಾರ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟದ್ದು ಇದೇ ದೇಶ. ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಅವರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನವಿತ್ತು. ಆಗ ಈ ಕಾಯಿಲೆಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳುವುದು ರೂಢಿ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪಶ್ಚಿಮ ಭಾಗಕ್ಕೆ ಆಹಾರ ಬರದೆ 20,000ಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಬ್ರೆಡ್ಡು ತೀರಾ ಅಪರೂಪವಾದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆ ಅವರು ತಮ್ಮ ಶೋಧವನ್ನು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧವಾಗಿ ಒಪ್ಪಿಸಿದರು. ಅದೇ ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತು ಎಂದು ಎಂಟಿಆರ್ ಸಂಸ್ಥೆ ಹೇಳಿಕೊಳ್ಳುತ್ತದೆ. ಈಗ ಆ ರವೆ ಇಡ್ಲಿಯ ಮಿಶ್ರಣ ಆಮ್‌ಸ್ಟೆಲ್‌ವೇನ್‌ನ ಭಾರತೀಯ ಅಂಗಡಿಯಲ್ಲೂ ಸಿಗುತ್ತದೆ. ಇಡ್ಲಿ ಅಕ್ಕಿಯದೇ ಎಂದು ನಂಬಿ ಅದನ್ನು ಕೊಳ್ಳುವಂತಿಲ್ಲ. ರವೆ ಎಂದರೆ ಗೋಧಿ.

ಅಂಗಡಿಯಲ್ಲಿ ಕೈಹಿಡಿಯುವುದು ಯುರೋಪಿನ ಕಾನೂನು. 2014ರ ಡಿಸೆಂಬರ್ 13ರಿಂದ 14 ಬಗೆಯ ಅಲರ್ಜಿಕಾರಕಗಳನ್ನು ಪದಾರ್ಥಗಳ ಪಟ್ಟಿಯಲ್ಲಿ ಎದ್ದುಕಾಣುವಂತೆ ಅಚ್ಚು ಮಾಡಬೇಕು. ಹಾಗಾಗಿ ದಪ್ಪಕ್ಷರದಲ್ಲಿ ತಾರ್ವೆ (ಗೋಧಿ), ಖೆರ್ಸ್ಟ್ (ಬಾರ್ಲಿ), ರೊಖೆ (ರೈ), ಸ್ಪೆಲ್ಟ್ (ಗೋಧಿಯದೇ ಒಂದು ಬಗೆ) ಇವೆಯೇ ಎಂದು ನೋಡಿದರೆ ಡಚ್ ಬಾರದವರೂ ಅರ್ಧ ನಿಮಿಷದಲ್ಲಿ ತೀರ್ಮಾನಕ್ಕೆ ಬರಬಹುದು. ಓಟ್ಸ್‌ಗೆ ಇಲ್ಲಿ ಹಾವರ್ ಎನ್ನುತ್ತಾರೆ. ಗೋಧಿಯ ಬೆರಕೆ ಸಾಮಾನ್ಯವಾದ್ದರಿಂದ ಗ್ಲುಟನ್ ಇಲ್ಲವೆಂದು ಬರೆದಿರುವುದನ್ನೇ ಕೊಳ್ಳಬೇಕು. ‘ಗ್ಲುಟೆನ್‌ವ್ರೈ’ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟನ್ ಇರಕೂಡದು. ‘ಇಂಥದರ ಅಂಶ ಇರಬಹುದು’ ಎಂಬ ಎಚ್ಚರಿಕೆ ಮಾತ್ರ ತಯಾರಕರು ಸ್ವಇಚ್ಛೆಯಿಂದ ಹಾಕುವಂಥದು. ಅದು ಇಲ್ಲದ ಮಾತ್ರಕ್ಕೆ ಬೆರಕೆಯೇ ಇಲ್ಲ ಎಂದು ತಿಳಿಯಬಾರದು.

ಹೊಸದಾಗಿ ಪಥ್ಯ ಹಿಡಿದವರೆಲ್ಲ ಮೊದಲು ಹುಡುಕುವುದು ಸೂಪರ್‌ಮಾರ್ಕೆಟ್‌ನ ಗ್ಲುಟೆನ್‌ವ್ರೈ ಶೆಲ್ಫನ್ನು. ಅಲ್ಲಿರುವುದು ಬಹುಪಾಲು ಬ್ರೆಡ್ಡು, ಬಿಸ್ಕತ್ತು, ಪಾಸ್ತಾಗಳ ಬದಲಿ ರೂಪ. ಬೆಲೆ ದುಬಾರಿ, ಬ್ರೆಡ್ಡಿನಲ್ಲಿ ಅನೇಕ ವೇಳೆ ಮೊಟ್ಟೆಯ ಬಿಳಿ ಇರುತ್ತದೆ. ಕನ್ನಡದ ನಾಲಿಗೆಗೆ ಒಗ್ಗುವ ದಿಢೀರ್ ತಿಂಡಿ ಆ ಶೆಲ್ಫಿನಲ್ಲಿಲ್ಲ. ಅದು ಪಕ್ಕದ ಸಾಲುಗಳಲ್ಲಿದೆ, ಟೋಕೋ ಎಂದು ಕರೆಯುವ ಇಂಡೋನೇಷ್ಯಾ-ಸುರಿನಾಮ್ ಕಡೆಯವರ ಅಂಗಡಿಗಳಲ್ಲಿದೆ.

ಮಿಹೂನ್ ಎಂಬ ಅಕ್ಕಿ ಶಾವಿಗೆ ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಇರುತ್ತದೆ. ಪಾತ್ರೆಯಲ್ಲಿಟ್ಟು ಕುದಿಯುವ ನೀರು ಸುರಿದು ಮುಚ್ಚಿ, ನಾಲ್ಕೈದು ನಿಮಿಷಕ್ಕೆ ಬಸಿದು, ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದರೆ ಶಾವಿಗೆ ಚಿತ್ರಾನ್ನ ತಯಾರು. ಅದರ ಪಕ್ಕದಲ್ಲೇ ಇರುವ ‘ಮೀ’ ಮಾತ್ರ ಗೋಧಿಯದು. ಅವಸರದಲ್ಲಿ ಕೈ ತಪ್ಪುವುದು ಸುಲಭ. ಹಾಕ್ ಕಂಪನಿ 1952ರಿಂದ ತರಕಾರಿ, ಕಾಳುಗಳನ್ನು ಗಾಜಿನ ಭರಣಿಯಲ್ಲಿ ತುಂಬಿ ಮಾರುತ್ತ ಬಂದಿದೆ. ಬೆಂದ ಕಡಲೆಕಾಳಿನ ಭರಣಿ ಬಗ್ಗಿಸಿ, ತೊಳೆದು, ಒಗ್ಗರಣೆಗೆ ಹಾಕಿ, ಫ್ರೀಜರ್‌ನ ಕಾಯಿತುರಿ ಉದುರಿಸಿದರೆ ಉಸುಲಿ. ರಾತ್ರಿ ನೆನೆಹಾಕುವ ಗೊಡವೆಯಿಲ್ಲ. ಕಾರ್ನೆಮೆಲ್ಕ್ ಎಂಬ ಇಲ್ಲಿನ ಮಜ್ಜಿಗೆಯನ್ನು ಎರಡು ನಿಮಿಷ ಬಿಸಿಮಾಡಿದ ಪ್ಯಾಕೆಟ್ ಅನ್ನಕ್ಕೆ ಕಲಸಿದರೆ ಮಜ್ಜಿಗೆ ಅನ್ನವಾಗುತ್ತದೆ. ಡಚ್ಚರು ತಮ್ಮ ಪೊಫರ್ಚಿಯೆಸ್‌ಗೆ ಬಳಸುತ್ತ ಬಂದ ಬೂಕ್‌ವೈಟ್ ಹಿಟ್ಟಿಗೆ, ಹೆಸರಿನಲ್ಲಿ ‘ವೀಟ್’ನ ನೆರಳು ಕಂಡರೂ, ಗೋಧಿಯ ಸಂಬಂಧವಿಲ್ಲ. ಗ್ಲುಟೆನ್‌ವ್ರೈ ಗುರುತಿರುವ ಪೊಟ್ಟಣ ತಂದು ಮೊಸರು, ಜೀರಿಗೆ, ಈರುಳ್ಳಿ ಹಾಕಿ ಕದಡಿದರೆ ಹುದುಗು ಬರಿಸದೆಯೇ ತೆಳು ದೋಸೆ ಏಳುತ್ತದೆ.

ಕಚೇರಿಗೆ ಅವಲಕ್ಕಿಯನ್ನು ಮೀರಿಸಿದ್ದಿಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿಯಾಗಿ ಮಾಡಿ, ಹುಣಸೆಪುಡಿ, ಸಾರಿನ ಪುಡಿ, ಬೆಲ್ಲ, ಉಪ್ಪು, ಒಣಕೊಬ್ಬರಿ, ಒಗ್ಗರಣೆ ಬೆರೆಸಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡದು. ಮಧ್ಯಾಹ್ನ ಸಹೋದ್ಯೋಗಿಗಳು ಚೀಸ್ ಬ್ರೆಡ್ಡು ಬಿಚ್ಚುವ ಹೊತ್ತಿಗೆ ಕಾಫಿ ಯಂತ್ರದ ಬಿಸಿನೀರನ್ನು ಹದವಾಗಿ ಬಿಟ್ಟು ಮುಚ್ಚಿದರೆ ಹತ್ತು ನಿಮಿಷದಲ್ಲಿ ಅರಳಿದ ಗೊಜ್ಜವಲಕ್ಕಿ.

ಆದರೆ ಆ ಸಾರಿನ ಪುಡಿಯಲ್ಲೇ ಗೋಧಿ ಕೂತಿರಬಹುದು. ಅಂಗಡಿಯ ಇಂಗು ಅಪ್ಪಟ ಇಂಗಲ್ಲ. ಅಂಟಿಗೆ ಹಿಟ್ಟು ಸೇರಿಸಿ ಕೂಡಿಸಿದ್ದು, ಆ ಹಿಟ್ಟು ಬಹಳ ಸಲ ಗೋಧಿಯದು. ಚಿಟಿಕೆ ಇಂಗು ಹಾಕಿದ ತಿಳಿಸಾರು, ಉಪ್ಪಿನಕಾಯಿ, ಸಾಂಬಾರ್ ಪುಡಿ ಎಲ್ಲಕ್ಕೂ ಅದು ಹರಿಯುತ್ತದೆ. ಅಕ್ಕಿಹಿಟ್ಟಿನಲ್ಲಿ ಕೂಡಿಸಿದ ಇಂಗು ಸಿಗುತ್ತದೆ, ಕೇಳಿ ತರಬೇಕು. ಸೋಯಾ ಸಾಸಿನಲ್ಲೂ ಗೋಧಿ ಸಾಮಾನ್ಯ. ಮಾಂಸದ ಬದಲಿಗೆಂದು ಮಾರುವ ಸಸ್ಯಾಹಾರಿ ತಿನಿಸುಗಳ ಜೀವಾಳವೇ ಅನೇಕ ಸಲ ಗೋಧಿಯ ಗ್ಲುಟನ್ ಆಗಿರುತ್ತದೆ; ಬರೀ ಸೋಯಾದ ಟೆಂಪೆ, ಟಾಹೂ ವಾಸಿ. ಆಲೂಗಡ್ಡೆಯ ಪಟಾಟ್ ಮೇಲ್ನೋಟಕ್ಕೆ ನಿರಪಾಯ. ಆದರೆ ಬ್ರೆಡ್ ಪುಡಿ ಮೆತ್ತಿದ ಕ್ರೊಕೆಟ್ ಕರಿದ ಎಣ್ಣೆಯಲ್ಲೇ ಅದನ್ನೂ ಕರಿದರೆ ತಿನ್ನುವಂತಿಲ್ಲ. ಬೇರೆ ಬಾಣಲೆ ಇದೆಯೇ ಎಂದೂ, ದನದ ಕೊಬ್ಬಿನಲ್ಲಿ ಕರಿಯುತ್ತಾರೆಯೇ ಎಂದೂ ಕೇಳಲೇಬೇಕು. ಚೀಸ್ ಗಟ್ಟಿಗೊಳಿಸುವ ಸ್ಟ್ರೆಮ್‌ಸೆಲ್ ಕರುವಿನ ಹೊಟ್ಟೆಯದಿರಬಹುದು. ಅದು ಅಲರ್ಜಿಕಾರಕವಲ್ಲದ ಕಾರಣ ದಪ್ಪಕ್ಷರದಲ್ಲಿ ಬರುವುದಿಲ್ಲ.

ಇನ್ನು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕರುಳು ಕೆಟ್ಟು ಕ್ಯಾಲ್ಸಿಯಂ ಕೊರತೆಯಾದವರಿಗೆ ಇದು ಸಣ್ಣ ಮಾತಲ್ಲ. ರಾಗಿ ಹುರಿಹಿಟ್ಟನ್ನು ಬೆಲ್ಲ, ಹಾಲಿನಲ್ಲಿ ಕಲಸಿದರೆ ಒಲೆ ಹಚ್ಚದೆ ತಿಂಡಿ ಆಯಿತು. ಊರಿನಿಂದ ಬರುವವರು ಪ್ರೀತಿಯಿಂದ ಸೂಟ್‌ಕೇಸ್ ತುಂಬ ತಂದುಕೊಡುತ್ತಾರೆ. ಆದರೆ ಊರಿನ ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿದ ಕಲ್ಲಿಗೇ ರಾಗಿ ಬೀಳುತ್ತದೆ, ಕಲ್ಲಿನಲ್ಲಿ ಉಳಿದದ್ದೆಲ್ಲ ಈ ಹಿಟ್ಟಿಗೆ ಸೇರುತ್ತದೆ. ಕಾಳನ್ನೇ ತರಿಸಿ, ಆರಿಸಿ ತೊಳೆದು ಮನೆಯ ಮಿಕ್ಸಿಯಲ್ಲಿ ಪುಡಿಮಾಡುವುದು ಕ್ಷೇಮ. ಕರ್ನಾಟಕದ ಸಿರಿಧಾನ್ಯ ಉದ್ಯಮಿಗಳು ರಾಗಿಗೆಂದೇ ಪ್ರತ್ಯೇಕ ಗಿರಣಿ ಮೀಸಲಿಟ್ಟು, ಪರೀಕ್ಷೆ ಮಾಡಿಸಿ ಮುದ್ರೆ ಒತ್ತಿದರೆ ಸಾವಿರಾರು ಮನೆಗಳಿಗೆ ಉಪಕಾರವಾದೀತು.

ಮಕ್ಕಳ ವಿಷಯದಲ್ಲಿ ಮುಂಚೆಯೇ ಏರ್ಪಾಟು ಬೇಕು. ಇಲ್ಲಿನ ಶಾಲೆಗಳಲ್ಲಿ ಹುಟ್ಟುಹಬ್ಬದ ಮಗು ತರಗತಿಗೆಲ್ಲ ತಿನಿಸು ಹಂಚುತ್ತದೆ. ಯಾವ ದಿನ ಯಾರ ಹುಟ್ಟುಹಬ್ಬ ಎಂದು ತಿಳಿಯದು. ಎಳ್ಳುಂಡೆ, ಚಿಕ್ಕಿ, ಒಗ್ಗುವ ಚಾಕೊಲೇಟುಗಳ ಡಬ್ಬಿಗೆ ಹೆಸರು ಬರೆದು ಶಿಕ್ಷಕರ ಬಳಿ ಇಟ್ಟರೆ ಮಗು ಬರಿಗೈಯಲ್ಲಿ ಕೂರುವ ಸಂಕಟ ತಪ್ಪುತ್ತದೆ. ಎಳ್ಳು, ಕಡಲೆಕಾಯಿ ಅಲರ್ಜಿಯ ಮಕ್ಕಳು ಆ ತರಗತಿಯಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು.

ಹೊಟ್ಟೆ ಸರಿಯಿಲ್ಲವೆಂದು ತಾವಾಗಿ ಗೋಧಿ ಬಿಟ್ಟು ಆಮೇಲೆ ವೈದ್ಯರ ಬಳಿ ಹೋಗುವವರಿದ್ದಾರೆ. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು. ಆದ್ದರಿಂದ ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಕಾಯಿಲೆ ಖಚಿತವಾದರೆ ಮೂಲ ಆರೋಗ್ಯ ವಿಮೆಯಲ್ಲೇ ವರ್ಷಕ್ಕೆ 3 ಗಂಟೆ ಪಥ್ಯತಜ್ಞರ ಸಲಹೆ ಸಿಗುತ್ತದೆ, ವಾರ್ಷಿಕ ಸ್ವಂತ ಪಾಲು ಅನ್ವಯಿಸುತ್ತದೆ. ಪಥ್ಯದ ಹೆಚ್ಚುವರಿ ಖರ್ಚಿಗೆ, ನಿಗದಿತ ಮಿತಿ ದಾಟಿದಾಗ, ಆದಾಯ ತೆರಿಗೆಯಲ್ಲಿ ವಿನಾಯಿತಿ ಉಂಟು. ಅದಕ್ಕೆ ವೈದ್ಯರ ಇಲ್ಲವೇ ಪಥ್ಯತಜ್ಞರ ಸಹಿಯಿರುವ ದೃಢೀಕರಣ ಪತ್ರ ಬೇಕು. ಮೊದಲ ಭೇಟಿಯಲ್ಲೇ ಕೇಳಿ ಪಡೆದುಕೊಳ್ಳಿ.