ಹೋಲ್ಡರ್ ಕೂತಿತು, ಆದ್ರೆ ಸರಿಯಾಗಿ ಹಿಡೀಲಿಲ್ಲ: ಸಣ್ಣ ಸಿಎನ್‌ಸಿಗೆ ಟೂಲ್ ಹೋಲ್ಡರ್ ಆರಿಸೋದು ಹೇಗೆ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಟೀಮ್‌ಗೆ ಒಂದು ಅಲ್ಯೂಮಿನಿಯಂ ಬ್ರಾಕೆಟ್ ಬೇಕಿತ್ತು. ಲ್ಯಾಬ್‌ನಲ್ಲಿ ಒಂದು ಸಣ್ಣ ವರ್ಟಿಕಲ್ ಮಷೀನಿಂಗ್ ಸೆಂಟರ್ ಇದೆ, ಆದರೆ ಖಾಲಿ ಹೋಲ್ಡರ್ ಇರಲಿಲ್ಲ. ನಾಲ್ಕು ಜನ ದುಡ್ಡು ಹಾಕಿ ಎರಡು ಹೋಲ್ಡರ್ ಕೊಂಡ್ವಿ. ಮಷೀನ್ ಮೇಲೆ ಬಿಟಿ30 ಅಂತ ಬರೆದಿತ್ತು, ಹೋಲ್ಡರ್ ಮೇಲೂ ಬಿಟಿ30. ಸ್ಪಿಂಡಲ್ ಒಳಗೆ ಇಟ್ಟ ತಕ್ಷಣ ಚೆನ್ನಾಗಿ ಕೂತಿತು. ನಮಗೆ ಖುಷಿ.

ಲ್ಯಾಬ್ ಸರ್ ಬಂದು ಹೋಲ್ಡರನ್ನ ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರು. ಅದು ಸ್ವಲ್ಪ ಅಲ್ಲಾಡಿತು. "ಇದನ್ನ 6000 ಆರ್‌ಪಿಎಂನಲ್ಲಿ ತಿರುಗಿಸಿದ್ರೆ ಎಲ್ಲಿಗೆ ಹಾರತ್ತೆ ಗೊತ್ತಾ?" ಅಂತ ಕೇಳಿದ್ರು. ನಾವು ಸುಮ್ಮನೆ ನಿಂತ್ವಿ. ಆಮೇಲೆ ಗೊತ್ತಾಗಿದ್ದು ಇಷ್ಟು: ಮಷೀನ್‌ಗೆ ಬೇಕಿದ್ದ ಪುಲ್ ಸ್ಟಡ್ 45 ಡಿಗ್ರಿದು, ನಾವು ಹಾಕಿದ್ದು 60 ಡಿಗ್ರಿದು.

ಆ ಒಂದು ತಪ್ಪಿನಿಂದ ನಾವು ಕಲಿತಿದ್ದನ್ನ ಇಲ್ಲಿ ಬರೀತಿದ್ದೀವಿ. ಒಂದೇ ವಾಕ್ಯದಲ್ಲಿ ಹೇಳೋದಾದ್ರೆ, ಹೋಲ್ಡರ್ ಸ್ಟ್ಯಾಂಡರ್ಡ್ ಅನ್ನೋದು ಒಂದು ಹೆಸರಲ್ಲ, ನಾಲ್ಕು ವಿಷಯ: ಟೇಪರ್, ಫ್ಲಾಂಜ್, ಪುಲ್ ಸ್ಟಡ್ ಮತ್ತು ಕೊಲೆಟ್. ನಾಲ್ಕೂ ಹೊಂದಬೇಕು.

1. ಟೇಪರ್: 7/24

ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ಡ್ರಿಲ್ಲಿಂಗ್ ಮಷೀನ್ ನೋಡಿರ್ತೀರ. ಅದರಲ್ಲಿ ಮೋರ್ಸ್ ಟೇಪರ್ ಇರತ್ತೆ. ಅದರ ಕೋನ ತುಂಬಾ ಕಡಿಮೆ, ಹಾಗಾಗಿ ಘರ್ಷಣೆಯಿಂದ ತಾನೇ ಹಿಡ್ಕೊಳ್ಳತ್ತೆ. ಬಿಡಿಸೋಕೆ ಡ್ರಿಫ್ಟ್ ಹಾಕಿ ಸುತ್ತಿಗೆಯಲ್ಲಿ ಹೊಡೀಬೇಕು. ಕೆಲವೇ ಸೆಕೆಂಡಲ್ಲಿ ಟೂಲ್ ಬದಲಾಯಿಸೋ ಸಿಎನ್‌ಸಿಯಲ್ಲಿ ಸುತ್ತಿಗೆ ಹೊಡೆಯೋರು ಯಾರು?

ಅದಕ್ಕೇ ಅಲ್ಲಿ 7/24 ಟೇಪರ್. 24 ಮಿ.ಮೀ. ಉದ್ದಕ್ಕೆ ವ್ಯಾಸ 7 ಮಿ.ಮೀ. ಕಡಿಮೆ ಆಗತ್ತೆ, ಒಟ್ಟು ಕೋನ ಸುಮಾರು 16.6 ಡಿಗ್ರಿ. ಇದು ತಾನೇ ಹಿಡ್ಕೊಳ್ಳಲ್ಲ. ಹಿಂದಿನಿಂದ ಎಳೆದು ಹಿಡೀಬೇಕು, ಬಿಟ್ಟ ತಕ್ಷಣ ಸುಲಭವಾಗಿ ಹೊರಗೆ ಬರತ್ತೆ. ಈ ಗುಣ ಇರೋದ್ರಿಂದಲೇ ಆಟೋಮ್ಯಾಟಿಕ್ ಟೂಲ್ ಚೇಂಜರ್ ಕೆಲಸ ಮಾಡತ್ತೆ.

30, 40, 50 ಅನ್ನೋದು ಸೈಜ್. ಟೇಪರ್‌ನ ದೊಡ್ಡ ತುದಿಯ ಗೇಜ್ ವ್ಯಾಸ 30ಕ್ಕೆ 31.75 ಮಿ.ಮೀ., 40ಕ್ಕೆ 44.45 ಮಿ.ಮೀ., 50ಕ್ಕೆ 69.85 ಮಿ.ಮೀ.

2. ಫ್ಲಾಂಜ್: ನಂಬರ್ ಒಂದೇ, ಅಕ್ಷರ ಬೇರೆ

ಬನಶಂಕರಿಯಲ್ಲೋ ಬಿಟಿಎಂನಲ್ಲೋ ನಿಂತು "500 ಬಂತು" ಅಂತ ಹಿಂದಿನ ಅಕ್ಷರ ನೋಡದೆ ಬಸ್ ಹತ್ತಿದ್ರೆ ಏನಾಗತ್ತೆ ಅಂತ ನಮಗೆಲ್ಲ ಗೊತ್ತು. ಹೋಲ್ಡರ್ ಕಥೆನೂ ಅದೇ. ಬಿಟಿ40, ಕ್ಯಾಟ್40, ಎಸ್‌ಕೆ40 ಮೂರಕ್ಕೂ ಟೇಪರ್ ಒಂದೇ. ಬೇರೆ ಇರೋದು ಟೇಪರ್ ಕೆಳಗಿನ ಫ್ಲಾಂಜ್, ಅಂದ್ರೆ ಟೂಲ್ ಚೇಂಜರ್‌ನ ಕೈ ಹಿಡಿಯೋ ಜಾಗ.

ಬಿಟಿ ಅನ್ನೋದು ಜಪಾನಿನ ಮಾಸ್ 403 ಸ್ಟ್ಯಾಂಡರ್ಡ್‌ನಿಂದ ಬಂದಿದ್ದು, ಈಗ ಐಎಸ್‌ಒ 7388ರ ಎರಡನೇ ಭಾಗದಲ್ಲಿದೆ. ಎಸ್‌ಕೆ ಜರ್ಮನಿಯದು. ಕ್ಯಾಟ್ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯಿಂದ ಹೆಸರು ಪಡೆದದ್ದು, ಅದರ ಪುಲ್ ಸ್ಟಡ್ ಥ್ರೆಡ್ ಇಂಚಿನಲ್ಲಿರತ್ತೆ. ಬಿಟಿ ಸ್ಪಿಂಡಲ್‌ಗೆ ಕ್ಯಾಟ್ ಹೋಲ್ಡರ್ ಕೈಯಿಂದ ಇಟ್ರೆ ಟೇಪರ್ ಕೂರಬಹುದು. ಆದ್ರೆ ಚೇಂಜರ್ ಅದನ್ನ ಸರಿಯಾಗಿ ಹಿಡಿಯಲ್ಲ.

3. ಪುಲ್ ಸ್ಟಡ್: ನಾವು ಎಡವಿದ ಜಾಗ

ಹೋಲ್ಡರ್‌ನ ಬಾಲಕ್ಕೆ ತಿರುಗಿಸಿ ಹಾಕೋ ಸಣ್ಣ ಗುಬುಟು ಇದೆಯಲ್ಲ, ಅದೇ ಪುಲ್ ಸ್ಟಡ್. ಸ್ಪಿಂಡಲ್ ಒಳಗಿನ ಗ್ರಿಪ್ಪರ್ ಅದರ ತಲೆಯ ಕೆಳಗೆ ಹಿಡಿಯತ್ತೆ, ಡಿಸ್ಕ್ ಸ್ಪ್ರಿಂಗ್‌ಗಳು ಡ್ರಾಬಾರನ್ನ ಮೇಲಕ್ಕೆ ಎಳೀತಾವೆ. ಹೋಲ್ಡರನ್ನ ಸ್ಪಿಂಡಲ್‌ನಲ್ಲಿ ಹಿಡಿದಿಡೋ ಬಲ ಪೂರ್ತಿ ಈ ಒಂದು ತುಣುಕಿನ ಮೂಲಕವೇ ಹೋಗೋದು.

ಬಿಟಿ30ಕ್ಕೆ ಥ್ರೆಡ್ ಎಂ12, ಬಿಟಿ40ಕ್ಕೆ ಎಂ16. ಥ್ರೆಡ್ ಒಂದೇ ಆದ್ರೂ ತಲೆಯ ಕೆಳಗಿನ ಕೋನ 45, 60 ಅಥವಾ 90 ಡಿಗ್ರಿ ಇರಬಹುದು. ಕೋನ ತಪ್ಪಾದ್ರೆ ಗ್ರಿಪ್ಪರ್ ಪೂರ್ತಿ ಮೈ ಮೇಲೆ ಕೂರದೆ ಬರೀ ಅಂಚಲ್ಲಿ ಹಿಡಿಯತ್ತೆ. ಎಳೆಯೋ ಬಲ ಟೇಪರ್‌ಗೆ ಸರಿಯಾಗಿ ತಲುಪಲ್ಲ. ನಮ್ಮ ಹೋಲ್ಡರ್ ಅಲ್ಲಾಡಿದ್ದು ಇದಕ್ಕೇ.

ಇನ್ನೊಂದು ಮಾತು: ಸ್ಟಡ್ ಹಾಕುವಾಗ ಪೈಪ್ ಹಾಕಿ ಬಿಗಿ ಮಾಡ್ಬೇಡಿ. ಅತಿಯಾಗಿ ಬಿಗಿದ್ರೆ ಟೇಪರ್‌ನ ಸಣ್ಣ ತುದಿ ಕಣ್ಣಿಗೆ ಕಾಣದಷ್ಟು ಉಬ್ಬತ್ತೆ, ಆಗ ಹೋಲ್ಡರ್ ಪೂರ್ತಿ ಕೂರಲ್ಲ. ತಯಾರಕರು ಹೇಳಿದ ಟಾರ್ಕ್‌ಗೆ ಟಾರ್ಕ್ ರೆಂಚ್ ಬಳಸಿ.

4. 30 ಬೇಕಾ, 40 ಬೇಕಾ?

ಇದು ಮಷೀನ್ ಕೊಳ್ಳೋ ಮುಂಚೆ ಕೇಳಬೇಕಾದ ಪ್ರಶ್ನೆ, ಯಾಕಂದ್ರೆ ಆಮೇಲೆ ಸ್ಪಿಂಡಲ್ ಬದಲಾಯಿಸೋಕೆ ಆಗಲ್ಲ. ಫನುಕ್ ರೋಬೋಡ್ರಿಲ್, ಬ್ರದರ್ ಸ್ಪೀಡಿಯೋ ತರದ ವೇಗದ ಸಣ್ಣ ಮಷೀನ್‌ಗಳು 30 ಟೇಪರ್ ಬಳಸ್ತವೆ. ಹಾಸ್ ಮಿನಿ ಮಿಲ್ ಸಣ್ಣದಾದ್ರೂ 40 ಟೇಪರ್. ಅಂದ್ರೆ ಮಷೀನ್ ಸಣ್ಣದು ಅಂದ ಮಾತ್ರಕ್ಕೆ ಟೇಪರ್ ಸಣ್ಣದಿರಬೇಕು ಅಂತಿಲ್ಲ.

ಒಂದು ಲೆಕ್ಕ ನೋಡೋಣ. ವ್ಯಾಸ 31.75ರಿಂದ 44.45ಕ್ಕೆ ಹೋದ್ರೆ 1.4 ಪಟ್ಟು. ಬಾಗುವಿಕೆಯನ್ನ ತಡೆಯೋ ಗುಣ ವ್ಯಾಸದ ನಾಲ್ಕನೇ ಘಾತದ ಮೇಲೆ ಹೋಗತ್ತೆ ಅಂತ ಎಸ್‌ಒಎಂನಲ್ಲಿ ಓದಿದ್ದೀವಿ. 1.4ರ ನಾಲ್ಕನೇ ಘಾತ ಸುಮಾರು 3.8. ಇಡೀ ಮಷೀನ್ ಅಷ್ಟು ಪಟ್ಟು ಗಟ್ಟಿ ಆಗತ್ತೆ ಅಂತಲ್ಲ, ಬೇರಿಂಗ್, ಕಾಲಮ್ ಎಲ್ಲ ಲೆಕ್ಕಕ್ಕೆ ಬರತ್ತೆ. ಆದ್ರೆ ದೊಡ್ಡ ಫೇಸ್ ಮಿಲ್ ಹಾಕಿ ಸ್ಟೀಲ್ ಕತ್ತರಿಸೋರು 40 ಯಾಕೆ ಕೇಳ್ತಾರೆ ಅಂತ ಅರ್ಥ ಆಗತ್ತೆ. ಅಲ್ಯೂಮಿನಿಯಂ, ಸಣ್ಣ ಡ್ರಿಲ್, ಟ್ಯಾಪ್, 10-12 ಮಿ.ಮೀ. ಒಳಗಿನ ಎಂಡ್ ಮಿಲ್ ಇಷ್ಟೇ ಅಂದ್ರೆ 30 ಸಾಕು. ಅದು ಹಗುರ, ಟೂಲ್ ಬದಲಾವಣೆ ಬೇಗ.

ಎಚ್‌ಎಸ್‌ಕೆ ಬಗ್ಗೆನೂ ಕೇಳಿರ್ತೀರ. ಅದು ಟೊಳ್ಳು, 1:10 ಟೇಪರ್, ಟೇಪರ್ ಮತ್ತು ಫೇಸ್ ಎರಡೂ ತಾಗತ್ತೆ. ಹೆಚ್ಚಿನ ವೇಗದಲ್ಲಿ ಸ್ಪಿಂಡಲ್ ಬಾಯಿ ಹಿಗ್ಗಿದಾಗ ಮಾಮೂಲಿ 7/24 ಹೋಲ್ಡರ್ ಸ್ವಲ್ಪ ಒಳಗೆ ಸರಿಯತ್ತೆ. ಎಚ್‌ಎಸ್‌ಕೆಯಲ್ಲಿ ಫೇಸ್ ಅದನ್ನ ತಡೆಯತ್ತೆ. ಆದ್ರೆ ಬೆಲೆ ಜಾಸ್ತಿ. ಕಾಲೇಜ್ ಲ್ಯಾಬ್‌ಗೆ ನಮ್ಮ ಅಭಿಪ್ರಾಯದಲ್ಲಿ ಬೇಡ.

5. ಕೊಲೆಟ್: ಕಡೆಯ ಕೊಂಡಿ

ಇಆರ್ ಕೊಲೆಟ್‌ನಲ್ಲಿ ಇಆರ್16 ಸುಮಾರು 10 ಮಿ.ಮೀ. ಶ್ಯಾಂಕ್‌ವರೆಗೆ, ಇಆರ್32 ಸುಮಾರು 20 ಮಿ.ಮೀ.ವರೆಗೆ ಹಿಡಿಯತ್ತೆ. ಎಲ್ಲ ಹೋಲ್ಡರ್‌ಗೂ ಒಂದೇ ಸೈಜ್ ತಗೊಂಡ್ರೆ ಒಂದೇ ಕೊಲೆಟ್ ಸೆಟ್ ಸಾಕು.

ಉದ್ದ ಕಡಿಮೆ ಇರಲಿ. ಟೂಲ್ ಒಂದು ಕ್ಯಾಂಟಿಲಿವರ್ ಬೀಮ್. ಹೊರಗೆ ಚಾಚಿದ ಉದ್ದ 40ರಿಂದ 50 ಮಿ.ಮೀ. ಆದ್ರೆ ಬಾಗೋದು 1.25ರ ಘನ, ಅಂದ್ರೆ ಹೆಚ್ಚುಕಡಿಮೆ ಎರಡು ಪಟ್ಟು.

ರನ್‌ಔಟ್ ಕೂಡ ನೋಡಿ. ಎರಡು ಹಲ್ಲಿನ ಕಟ್ಟರ್, ಪ್ರತಿ ಹಲ್ಲಿಗೆ ಫೀಡ್ 0.03 ಮಿ.ಮೀ., ಡಯಲ್ ತೋರಿಸಿದ ರನ್‌ಔಟ್ 0.02 ಮಿ.ಮೀ. ಅಂದ್ಕೊಳ್ಳಿ. ಕೆಟ್ಟ ಸ್ಥಿತಿಯಲ್ಲಿ ಒಂದು ಹಲ್ಲು 0.05 ಕಡಿಯತ್ತೆ, ಇನ್ನೊಂದು ಬರೀ 0.01. ದುಡಿಯೋದೆಲ್ಲ ಒಬ್ಬನೇ. ನಮ್ಮ ಗ್ರೂಪ್ ಅಸೈನ್‌ಮೆಂಟ್ ತರ.

6. ಬೆಂಗಳೂರಲ್ಲಿ ಇದ್ದು ಯೋಚಿಸೋದಾದ್ರೆ

ಸ್ಟ್ಯಾಂಡರ್ಡ್ ಆರಿಸುವಾಗ ಪಕ್ಕದ ಮನೆಯವರ ಹತ್ರ ಏನಿದೆ ಅಂತಾನೂ ನೋಡ್ಬೇಕು. ನಮ್ಮೂರಲ್ಲಿ 1953ರಲ್ಲಿ ಎಚ್‌ಎಂಟಿ, 1961ರಲ್ಲಿ ಬಿಎಫ್‌ಡಬ್ಲ್ಯೂ, 1962ರಲ್ಲಿ ಇವತ್ತಿನ ಸಿಎಂಟಿಐ ಶುರುವಾದ್ವು. ಮಷೀನ್ ಟೂಲ್ ಅನ್ನೋದು ಇಲ್ಲಿ ಐಟಿಗಿಂತ ಹಳೇ ಕಸುಬು. ಇಲ್ಲಿನ ವಿಎಂಸಿಗಳಲ್ಲಿ ಬಿಟಿ40 ತುಂಬಾ ಕಾಮನ್, ಹಾಗಾಗಿ ಹೋಲ್ಡರ್, ಸ್ಟಡ್ ಸಿಗೋದು ಸುಲಭ. ಬನಶಂಕರಿಯಲ್ಲಿ ಗ್ರೀನ್ ಲೈನ್ ಹತ್ತಿದ್ರೆ ಬದಲಾಯಿಸದೇ ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ಗೆ ಹೋಗಬಹುದು. ಅಷ್ಟು ದೂರ ಬೇಡ ಅಂದ್ರೆ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್, ಯಲಚೇನಹಳ್ಳಿ ಕಡೆ ಸಣ್ಣ ಜಾಬ್ ಶಾಪ್‌ಗಳಿವೆ. ಅಲ್ಲಿ ಒಬ್ಬರು ನಮ್ಮ ಸ್ಟಡ್ ನೋಡಿ, ಗೇಜ್ ಇಲ್ಲದೇ, "60" ಅಂದ್ಬಿಟ್ರು. ಆ ಕಣ್ಣು ನಮಗೆ ಬರೋಕೆ ಇನ್ನೂ ಟೈಮ್ ಬೇಕು.

ಕೊಳ್ಳೋ ಮುಂಚೆ ಇಷ್ಟು ನೋಡಿ

• ಮಷೀನ್ ಮ್ಯಾನುಯಲ್ ತೆಗೆದು ಟೇಪರ್‌ನ ಅಕ್ಷರ ಮತ್ತು ನಂಬರ್ ಎರಡೂ ಬರ್ಕೊಳ್ಳಿ.
• ಪುಲ್ ಸ್ಟಡ್ ಡ್ರಾಯಿಂಗ್ ಅದರಲ್ಲೇ ಇರತ್ತೆ. ಕೋನ, ಥ್ರೆಡ್, ಉದ್ದ ಮೂರನ್ನೂ ಹೊಂದಿಸಿ.
• ಮ್ಯಾನುಯಲ್ ಇಲ್ಲದಿದ್ರೆ ಈಗಾಗಲೇ ಓಡ್ತಿರೋ ಹೋಲ್ಡರ್‌ನ ಸ್ಟಡ್ ಬಿಚ್ಚಿ ಅಂಗಡಿಗೆ ತಗೊಂಡು ಹೋಗಿ.
• ಟೂಲ್ ಚೇಂಜರ್ ತಡೆಯೋ ಗರಿಷ್ಠ ತೂಕ, ಉದ್ದ ನೋಡಿ.
• ಹಾಕೋ ಮುಂಚೆ ಟೇಪರ್ ಒರೆಸಿ. ಹಾಕಿದ ಮೇಲೆ, ಸ್ಪಿಂಡಲ್ ನಿಂತಿರುವಾಗ, ಕೈಯಲ್ಲಿ ಅಲ್ಲಾಡಿಸಿ ನೋಡಿ.

ಕೊನೆಗೆ ನಾವು ಹೋಲ್ಡರ್ ವಾಪಸ್ ಮಾಡಲಿಲ್ಲ, 45 ಡಿಗ್ರಿಯ ಎರಡು ಸ್ಟಡ್ ಮಾತ್ರ ಹೊಸದಾಗಿ ತಂದ್ವಿ. ಬ್ರಾಕೆಟ್ ಒಂದು ವಾರ ತಡವಾಯ್ತು, ಆದ್ರೆ ಬಂತು. ಆ ಹಳೇ 60 ಡಿಗ್ರಿ ಸ್ಟಡ್‌ಗಳಿಗೆ ಕೆಂಪು ಪೇಂಟ್ ಹಚ್ಚಿ ಲ್ಯಾಬ್ ಕಪಾಟಲ್ಲಿ ಇಟ್ಟಿದ್ದೀವಿ. ಜೂನಿಯರ್ಸ್ ಬಂದ್ರೆ ಮೊದಲು ಅದನ್ನೇ ಕೈಗೆ ಕೊಡ್ತೀವಿ.