ಹೊರಳಲು ಒಂದಿಷ್ಟು ಜಾಗ

ನಾಟಿ ಹಾಕ್ತೀವಿ. ಕಳೆ ಕೀಳ್ತೀವಿ. ಕೊಡ ಹೊರ್ತೀವಿ. ಬೀಡಿ ಕಟ್ತೀವಿ. ಹಗಲೆಲ್ಲ ಬಗ್ಗಿ, ಕೂತು, ಎದ್ದು ದುಡೀತೀವಿ. ರಾತ್ರಿ ಮಲಗಿದರೆ ಸೊಂಟ ಹಿಡಿಯುತ್ತೆ. ಮೊಣಕಾಲು ಸೆಳೆಯುತ್ತೆ. ಆ ಕಡೆ ಹೊರಳಿದರೂ ನೋವು. ಈ ಕಡೆ ಹೊರಳಿದರೂ ನೋವು. ಕೋಳಿ ಕೂಗುವ ಹೊತ್ತಿಗೆ ಕಣ್ಣು ಹತ್ತುತ್ತೆ. ಅದೇ ನಾವು ಏಳುವ ಹೊತ್ತು!

“ಹೆಂಗಸಾದ ಮೇಲೆ ಸೊಂಟನೋವು ಇದ್ದದ್ದೇ” ಅಂತಾರೆ ಜನ. ಹಾಗಂತ ಸುಮ್ಮನೆ ಸಹಿಸಬೇಕೇ? ಬೇಡ. ನೋವು ಪೂರ್ತಿ ಹೋಗದಿದ್ದರೂ ನಿದ್ದೆ ಬರುವ ಹಾಗೆ ಮಾಡಿಕೊಳ್ಳಬಹುದು. ಹೇಗೆ ಅಂತ ತಿಳಿಯೋಣ.

ನೋವು ಮತ್ತು ನಿದ್ದೆ

ಮೂರು ತಿಂಗಳು ಮೀರಿದ ನೋವು ಹಳೆಯ ನೋವು. ಅದು ನಿದ್ದೆ ಕೆಡಿಸುತ್ತೆ. ನಿದ್ದೆ ಕೆಟ್ಟರೆ ಮಾರನೆ ದಿನ ನೋವು ಇನ್ನೂ ಹೆಚ್ಚು. ಇದು ಗಾಣದ ಎತ್ತಿನ ಸುತ್ತಿನ ಹಾಗೆ. ಎಲ್ಲಾದರೂ ಒಂದು ಕಡೆ ಇದನ್ನು ನಿಲ್ಲಿಸಬೇಕು. ದೊಡ್ಡವರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕು. ಗಂಡಸಿಗೂ ಬೇಕು, ಹೆಂಗಸಿಗೂ ಬೇಕು.

ನಾವು ಎಲ್ಲಿ ಮಲಗ್ತೀವಿ?

ಎಲ್ಲರೂ ಮಲಗಿದ ಮೇಲೆ ಉಳಿದ ಜಾಗ ನಮ್ಮದು. ಒಲೆ ಪಕ್ಕ, ಬಾಗಿಲ ಸಂದಿ, ಮಕ್ಕಳ ಕಾಲ ಬುಡ. ಅಲ್ಲಿ ಹೊರಳಲು ಆಗೋದಿಲ್ಲ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮೈ ಬಿಗಿಯುತ್ತೆ. ನೋವಿರುವ ಮೈಗೆ ಹೊರಳುವ ಜಾಗ ಬೇಕೇ ಬೇಕು.

ಅಗಲ ಎರಡು ಮೊಳವಾದರೂ ಇರಲಿ. ನೆಲದಲ್ಲಿ ತೇವ ಇರಬಾರದು. ಒಲೆಯ ಹೊಗೆ ಬರಬಾರದು. ಒಂದು ಕಡೆ ಗೋಡೆ ಇದ್ದರೆ ಒಳ್ಳೆಯದು. ಕೈಯೂರಿ ಏಳಬಹುದು. ರಾತ್ರಿ ಹೊರಗೆ ಹೋಗುವ ದಾರಿಯಲ್ಲಿ ಕೊಡ, ಮಣೆ ಇಡಬೇಡಿ.

ಮನೆಯಲ್ಲಿ ಒಂದೇ ಮಂಚ ಇದೆಯೇ? ಅದು ಯಾರಿಗೆ? ಯಜಮಾನರಿಗೆ ಅನ್ನೋದು ರೂಢಿ. ಆದರೆ ಮೊಣಕಾಲು ನೋವಿದ್ದವರಿಗೆ ನೆಲದಿಂದ ಏಳುವುದೇ ಕಷ್ಟ. ಅದು ಅತ್ತೆ ಇರಬಹುದು, ಸೊಸೆ ಇರಬಹುದು. ಯಾರಿಗೆ ನೋವು ಹೆಚ್ಚೋ ಅವರಿಗೆ ಮಂಚ ಕೊಡೋಣ.

ಹಾಸಿಗೆ ಹೇಗಿರಬೇಕು?

“ಸೊಂಟನೋವಿಗೆ ಬರಿ ನೆಲವೇ ಮದ್ದು” ಅಂತ ಹೇಳ್ತಾರೆ. ಅದು ಎಲ್ಲರಿಗೂ ಸರಿಹೋಗೋದಿಲ್ಲ. ಗಟ್ಟಿ ನೆಲ ಭುಜವನ್ನೂ ಸೊಂಟದ ಮೂಳೆಯನ್ನೂ ಒತ್ತುತ್ತೆ. ಹಗ್ಗ ಸಡಿಲಾದ ಮಂಚವೂ ಬೇಡ. ಅದರಲ್ಲಿ ಬೆನ್ನು ತೊಟ್ಟಿಲಿನ ಹಾಗೆ ಬಾಗುತ್ತೆ. ಹಗ್ಗ ಬಿಗಿದುಕೊಳ್ಳಿ.

ಸ್ಪೇನ್ ದೇಶದ ವೈದ್ಯರು ಹಳೆಯ ಸೊಂಟನೋವಿದ್ದ 313 ಜನರಲ್ಲಿ ಇದನ್ನು ಪರೀಕ್ಷಿಸಿ 2003ರಲ್ಲಿ ವರದಿ ಕೊಟ್ಟರು. ಕೆಲವರಿಗೆ ತೀರ ಗಟ್ಟಿ ಹಾಸಿಗೆ, ಉಳಿದವರಿಗೆ ತುಸು ಮೆದು ಹಾಸಿಗೆ ಕೊಟ್ಟಿದ್ದರು. 90 ದಿನದ ಮೇಲೆ ತುಸು ಮೆದು ಹಾಸಿಗೆಯವರಿಗೇ ನೋವು ಚೆನ್ನಾಗಿ ಇಳಿದಿತ್ತು.

ನಾವು ಹೊಸ ಹಾಸಿಗೆ ಕೊಳ್ಳಲೇಬೇಕಿಲ್ಲ. ಕೆಳಗೆ ಚಾಪೆ, ಅದರ ಮೇಲೆ ಕಂಬಳಿ, ಮೇಲೆ ಮೂರು ನಾಲ್ಕು ಮಡಿಕೆ ಕೌದಿ ಹಾಸೋಣ. ಒಂದು ವಾರ ಮಲಗಿ ನೋಡೋಣ. ಮೂಳೆ ಒತ್ತಿದರೆ ಇನ್ನೊಂದು ಮಡಿಕೆ ಸೇರಿಸೋಣ. ನಮ್ಮ ಮೈಗೆ ಯಾವುದು ಹಿತವೋ ಅದೇ ಸರಿ.

ಹೇಗೆ ಮಲಗಬೇಕು?

1. ಮಗ್ಗುಲಾಗಿ ಮಲಗುವವರು ಮೊಣಕಾಲು ತುಸು ಮಡಿಸಿ. ಎರಡು ಮೊಣಕಾಲ ನಡುವೆ ಮಡಿಸಿದ ಹಳೆ ಸೀರೆ ಇಟ್ಟುಕೊಳ್ಳಿ.

2. ಅಂಗಾತ ಮಲಗುವವರು ಮೊಣಕಾಲ ಕೆಳಗೆ ದಿಂಬು ಇಟ್ಟುಕೊಳ್ಳಿ. ಬೆನ್ನಿನ ಬಿಗಿ ಸಡಿಲವಾಗುತ್ತೆ.

3. ತಲೆದಿಂಬು ತೀರ ಎತ್ತರ ಬೇಡ. ಕುತ್ತಿಗೆ ಬಾಗಬಾರದು.

4. ಬಸುರಿಯರು ಎಡಮಗ್ಗುಲಾಗಿ ಮಲಗುವುದು ಒಳ್ಳೆಯದು.

5. ಏಳುವಾಗ ದಡಕ್ಕನೆ ಏಳಬೇಡಿ. ಮೊದಲು ಮಗ್ಗುಲಾಗಿ. ಕೈಯೂರಿ ಕೂರಿ. ಆಮೇಲೆ ನಿಲ್ಲಿ.

ಮಲಗುವ ಮೊದಲು ಬಿಸಿ ಉಪ್ಪನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ 15 ನಿಮಿಷ ಕಾವು ಕೊಡಬಹುದು. ಮೊದಲು ಕೈಗೆ ತಾಗಿಸಿ ಬಿಸಿ ನೋಡಿ. ಕಾವು ಇಟ್ಟುಕೊಂಡೇ ನಿದ್ದೆ ಹೋಗಬೇಡಿ, ಚರ್ಮ ಸುಟ್ಟೀತು. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರು ಕಾಲಿಗೆ ಕಾವು ಕೊಡಬಾರದು.

ನೋವು ಅಂತ ಹಗಲೆಲ್ಲ ಮಲಗಿರುವುದೂ ಒಳ್ಳೆಯದಲ್ಲ. ಕೈಲಾದಷ್ಟು ನಡೆದಾಡಬೇಕು.

ಆಸ್ಪತ್ರೆಗೆ ಯಾವಾಗ?

ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮೂತ್ರಪಿಂಡ ಕೆಡಬಹುದು. ವೈದ್ಯರನ್ನು ಕೇಳಿಯೇ ನುಂಗಿ.

ಜ್ವರ ಬರುತ್ತಿದ್ದರೆ, ಮೈ ಇಳಿಯುತ್ತಿದ್ದರೆ, ಹೇಗೆ ಮಲಗಿದರೂ ರಾತ್ರಿ ನೋವು ಇಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೇಗ ಹೋಗಿ. ಬಿದ್ದ ಮೇಲೆ ನೋವು ಶುರುವಾಗಿದ್ದರೂ ತೋರಿಸಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಬಹುದು.

ಕಾಲಿನ ಶಕ್ತಿ ಹೋದರೆ, ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಮಲ ಮೂತ್ರ ತಿಳಿಯದೆ ಹೋದರೆ ಒಂದು ದಿನವೂ ಕಾಯಬೇಡಿ. ನಾಚಿಕೆ ಬಿಟ್ಟು ಹೇಳಿ. 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ ಈ ಆಂಬುಲೆನ್ಸ್ 2008ರಿಂದ ಇದೆ. ದುಡ್ಡು ಕೊಡಬೇಕಿಲ್ಲ.

ಬಾಯಿಬಿಟ್ಟು ಕೇಳೋಣ

ನಮ್ಮ ನೋವು ಕಣ್ಣಿಗೆ ಕಾಣೋದಿಲ್ಲ. ಹೇಳದಿದ್ದರೆ ಮನೆಯವರಿಗೆ ತಿಳಿಯೋದಿಲ್ಲ. “ರೀ, ರಾತ್ರಿ ಸೊಂಟ ನೋಯುತ್ತೆ. ಗೋಡೆ ಪಕ್ಕದ ಜಾಗ ನನಗೆ ಬೇಕು. ಮಗುವನ್ನು ನಿಮ್ಮ ಪಕ್ಕ ಮಲಗಿಸಿಕೊಳ್ಳಿ.” ಇಷ್ಟು ಹೇಳಿದರೆ ಸಾಕು. ಇದು ಸೋಮಾರಿತನವಲ್ಲ, ಸುಖದ ಆಸೆಯೂ ಅಲ್ಲ. ಬೆಳಗ್ಗೆ ಮನೆಗೆ ದುಡಿಯುವ ಮೈಗೆ ರಾತ್ರಿ ಮನೆಯಲ್ಲಿ ಎರಡು ಮೊಳ ಜಾಗ ಇರಬೇಕು.

ಓದಿ, ಮಾತಾಡಿ

1. ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಮಲಗ್ತಾರೆ? ಆ ಜಾಗ ಗೊತ್ತು ಮಾಡಿದವರು ಯಾರು?

2. ನಿಮ್ಮ ಮನೆಯಲ್ಲಿ ಹೆಚ್ಚು ನೋವು ಯಾರಿಗೆ? ಅವರ ಹಾಸಿಗೆ ಹೇಗಿದೆ?

3. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಎರಡು ಗುರುತು ಬರೆಯಿರಿ.

ಓದಿ, ಬರೆಯಿರಿ: ನೋವು, ನಿದ್ದೆ, ಮಗ್ಗುಲು, ದಿಂಬು, ಕೌದಿ, ಜಾಗ.