ತೆರೆಯ ಹಿಂದಿನ ಸಾಹಸ

ಚಲನಚಿತ್ರವು ಹಲವು ಕಲೆಗಳ ಸಂಗಮ. ಕಥೆ, ನಟನೆ, ಸಂಗೀತ, ಛಾಯಾಗ್ರಹಣ, ಸಂಕಲನ ಇವೆಲ್ಲವನ್ನೂ ಒಂದು ಸೂತ್ರದಲ್ಲಿ ಪೋಣಿಸುವ ದೃಷ್ಟಿ ನಿರ್ದೇಶಕನದು. ಕವಿಗೆ ಲೇಖನಿ ಹೇಗೋ ನಿರ್ದೇಶಕನಿಗೆ ಕ್ಯಾಮೆರಾ ಹಾಗೆ ಎಂಬ ವಿಚಾರವು ಎರಡನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನಲ್ಲಿ ಬಲಗೊಂಡಿತು. ಆದರೆ ಲೇಖನಿಯ ಬೆಲೆ ಅಲ್ಪ; ಚಿತ್ರದ ವೆಚ್ಚವೋ ಅಪಾರ. ಆದುದರಿಂದ ಹಣ ಒದಗಿಸಿಯೂ ನಿರ್ದೇಶಕನ ಸ್ವಾತಂತ್ರ್ಯವನ್ನು ಕಾಯುವ ನಿರ್ಮಾಪಕನು ಬೇಕಾಗುತ್ತಾನೆ.

ಈ ಹೊಣೆ ಸುಲಭವಾದುದಲ್ಲ. ಮಂಡ್ಯ ಜಿಲ್ಲೆಯ ದುದ್ದದಂತಹ ಊರುಗಳ ಜನಕ್ಕೆ ಬೇಸಾಯದ ಕಷ್ಟ ತಿಳಿದದ್ದೇ. ಕಬ್ಬು ನೆಟ್ಟವನು ಗೊಬ್ಬರಕ್ಕೂ ಕೂಲಿಗೂ ಮೊದಲೇ ಹಣ ಸುರಿದು, ಫಲಕ್ಕಾಗಿ ವರ್ಷದವರೆಗೆ ಕಾಯಬೇಕು. ಚಿತ್ರನಿರ್ಮಾಪಕನ ಪಾಡೂ ಹಾಗೆಯೇ. ಕಲಾವಿದರ ಸಂಭಾವನೆ ಮೊದಲಾದ ಎಲ್ಲಕ್ಕೂ ವೆಚ್ಚ ಮೊದಲು, ಗಳಿಕೆ ಕೊನೆಗೆ. ಹಂಚಿಕೆದಾರರು ಮುಂಗಡ ಕೊಡಬಲ್ಲರು. ಆದರೆ ಅವರು ಹೆಸರಾಂತ ನಟರನ್ನೂ ಹಾಡು ಹೊಡೆದಾಟಗಳನ್ನೂ ಬಯಸುವುದುಂಟು. ಆ ಹಣವನ್ನು ಬಿಟ್ಟವನಿಗೆ ಸ್ವಾತಂತ್ರ್ಯ ಉಳಿಯುತ್ತದೆ. ನಷ್ಟದ ಭಯವೂ ಉಳಿಯುತ್ತದೆ.

ಕನ್ನಡದಲ್ಲಿ ಈ ಸಾಹಸಕ್ಕೆ ಹಾದಿ ತೋರಿದವರು ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರು. ನೆಲ್ಲೂರಿನಲ್ಲಿ ಹುಟ್ಟಿದ ಅವರು ತೆಲುಗಿನ ಕವಿ. ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ಮೆಚ್ಚಿದವರು. ತಮ್ಮ ಸಂಸ್ಥೆಗೂ ರಾಮಮನೋಹರ ಚಿತ್ರ ಎಂದೇ ಹೆಸರಿಟ್ಟರು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು 1970ರಲ್ಲಿ ತಾವೇ ನಿರ್ಮಿಸಿ ನಿರ್ದೇಶಿಸಿದರು. ಗಿರೀಶ ಕಾರ್ನಾಡ, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ಮೊದಲಾದವರು ನಟಿಸಿದರು. ಆಸ್ಟ್ರೇಲಿಯದ ಟಾಮ್ ಕೋವನ್ ಛಾಯಾಗ್ರಹಣ ಮಾಡಿದರು. ಸ್ಟುಡಿಯೋದ ಕೃತಕ ಬೀದಿಗೆ ಬದಲಾಗಿ ಮಲೆನಾಡಿನ ನಿಜವಾದ ಊರೇ ರಂಗಭೂಮಿಯಾಯಿತು.

ಚಿತ್ರ ಸಿದ್ಧವಾದರೂ ಸಂಕಟ ಮುಗಿಯಲಿಲ್ಲ. ಜಾತಿಯ ಕಟ್ಟುಪಾಡುಗಳನ್ನು ಪ್ರಶ್ನಿಸಿದ ಈ ಚಿತ್ರವನ್ನು ಸೆನ್ಸಾರ್ ಮಂಡಲಿಯು ಮೊದಲು ನಿಷೇಧಿಸಿತು. ಪ್ರೇಕ್ಷಕರನ್ನು ತಲಪದ ಚಿತ್ರವು ಕಟಾವಾಗದ ಬೆಳೆಯಂತೆ. ಆದರೂ ನಿರ್ಮಾಪಕರು ಎದೆಗುಂದಲಿಲ್ಲ. ಕೊನೆಗೆ ನಿಷೇಧ ತೆರವಾಯಿತು. ಅಷ್ಟೇ ಅಲ್ಲ, 1970ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿತು. ಆ ಗೌರವ ಪಡೆದ ಮೊದಲ ಕನ್ನಡ ಚಿತ್ರ ಅದೇ.

ತೆರೆದ ಹಾದಿಯಲ್ಲಿ ಇತರರೂ ನಡೆದರು. ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದ ಸದಾನಂದ ಸುವರ್ಣರು ಗಿರೀಶ ಕಾಸರವಳ್ಳಿ ಎಂಬ ತರುಣನಲ್ಲಿ ನಂಬಿಕೆಯಿಟ್ಟು 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ಮಿಸಿದರು. ಅದಕ್ಕೂ ಸ್ವರ್ಣಕಮಲ ದೊರೆಯಿತು. ಮುಂದೆ ನಟಿಯರಾದ ಜಯಮಾಲಾ ‘ತಾಯಿ ಸಾಹೇಬ’ವನ್ನೂ ಸೌಂದರ್ಯ ‘ದ್ವೀಪ’ವನ್ನೂ ಅದೇ ನಿರ್ದೇಶಕರಿಗಾಗಿ ನಿರ್ಮಿಸಿ ಅದೇ ಪ್ರಶಸ್ತಿಯನ್ನು ತಂದರು. ‘ಘಟಶ್ರಾದ್ಧ’ವು ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆಯನ್ನು ಕಂಡಿತು. ನಲವತ್ತೇಳು ವರ್ಷಗಳ ಬಳಿಕವೂ ಅದು ನೋಡುಗರನ್ನು ಕರೆಯಿತು.

ಕೈಗೆ ಬಂದ ಹಣ ಖರ್ಚಾಗಿ ಹೋಗುತ್ತದೆ. ಒಳ್ಳೆಯ ಕೃತಿ ತಲೆಮಾರುಗಳವರೆಗೆ ಬಾಳುತ್ತದೆ. ತೆರೆಯ ಮೇಲೆ ಕಾಣಿಸದಿದ್ದರೂ ನಷ್ಟಕ್ಕೆ ಹೆದರದೆ ಸತ್ಯವನ್ನು ಹೇಳಲು ಎಡೆಮಾಡಿಕೊಟ್ಟ ನಿರ್ಮಾಪಕರ ಪಾಲು ಅದರಲ್ಲಿ ದೊಡ್ಡದು.

ಅಭ್ಯಾಸ
1. ನಿರ್ಮಾಪಕನನ್ನು ಕಬ್ಬು ಬೆಳೆಗಾರನಿಗೆ ಏಕೆ ಹೋಲಿಸಲಾಗಿದೆ?
2. ‘ಸಂಸ್ಕಾರ’ ಚಿತ್ರವು ಎದುರಿಸಿದ ಅಡ್ಡಿ ಯಾವುದು? ಅದರ ಫಲವೇನಾಯಿತು?
3. ಸ್ವಾತಂತ್ರ್ಯಕ್ಕೂ ನಷ್ಟದ ಭಯಕ್ಕೂ ಇರುವ ಸಂಬಂಧವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿ.